ಬಾಯಾರುವ ಮುನ್ನ ಬಾವಿ

ಉದರನಿಮಿತ್ತವಾಗಿ ನಾಡು ಬಿಟ್ಟು ನಾಗಪುರವನ್ನು ಸೇರಿದ ನಮ್ಮವರಲ್ಲಿ ಯಾರಾದರೊಬ್ಬರು ಹಾಸಿಗೆ ಹಿಡಿದರೆಂದರೆ, ಮರುದಿನವೇ ಒಂದು ಪಟ್ಟಿ ಹೊರಡುತ್ತದೆ. ಹೋಟೆಲಿನ ಗಲ್ಲೆಯಿಂದ ಅಡುಗೆಮನೆಗೆ, ಅಲ್ಲಿಂದ ಕಚೇರಿಯ ಮೇಜುಗಳಿಗೆ ಅದು ಸುತ್ತುತ್ತದೆ. ಕೊಡುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಆ ಪಟ್ಟಿ ತುಂಬುವುದು ರೋಗದ ತೀವ್ರತೆಯನ್ನು ನೋಡಿ ಅಲ್ಲ, ರೋಗಿಯ ಪರಿಚಯವನ್ನು ನೋಡಿ. ನಾಲ್ಕು ಜನ ಬಲ್ಲ ಮ್ಯಾನೇಜರರಿಗೆ ಬೇಗನೆ ಕೂಡುವ ಹಣವು, ಮೊನ್ನೆ ಊರಿನಿಂದ ಬಂದು ಪಾತ್ರೆ ತೊಳೆಯುತ್ತಿರುವ ಹುಡುಗನಿಗೆ ಕೂಡುವುದಿಲ್ಲ. ಬಾಯಾರಿದಾಗ ಬಾವಿ ತೋಡುವ ಈ ಪದ್ಧತಿಯನ್ನು ನಾವು ಬದಲಿಸಲೇಬೇಕು.

ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ನೆರೆಯ ವರ್ಧಾ ಜಿಲ್ಲೆಯ ಸೇವಾಗ್ರಾಮದಲ್ಲಿ ಕಸ್ತೂರಬಾ ಆಸ್ಪತ್ರೆಯಿದೆ. ಅಲ್ಲಿಯ ವೈದ್ಯರಾದ ಡಾ. ಉಲ್ಹಾಸ್ ಜಾಜೂ ಮತ್ತು ಅವರ ಸಂಗಡಿಗರು 1970ರ ದಶಕದ ಕೊನೆಯ ವೇಳೆಗೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ಏರ್ಪಾಡನ್ನು ಆರಂಭಿಸಿದರು. ಸುಗ್ಗಿಯಾದೊಡನೆ ಪ್ರತಿ ಮನೆಯವರೂ ಜೋಳವನ್ನು ಅಳೆದು ವಂತಿಗೆಯಾಗಿ ಕೊಡುವರು. ಹೊಲವುಳ್ಳವನದು ಹೆಚ್ಚು, ಹೊಲವಿಲ್ಲದವನದು ಕಡಿಮೆ. ಚಿಕಿತ್ಸೆ ಮಾತ್ರ ಇಬ್ಬರಿಗೂ ಒಂದೇ. ಜೋಳದಿಂದಲೇ ಆಸ್ಪತ್ರೆಯ ಖರ್ಚು ತುಂಬಲಿಲ್ಲ, ನಿಜ. ಆದರೆ ವಂತಿಗೆ ಕೊಟ್ಟವನು ಆಸ್ಪತ್ರೆಯ ಬಾಗಿಲಿಗೆ ಬೇಡುವವನಾಗಿ ಬರಲಿಲ್ಲ, ಹಕ್ಕುದಾರನಾಗಿ ಬಂದನು. ನಾವು ಕಲಿಯಬೇಕಾದುದು ಇದನ್ನೇ.

ಮೊದಲು, ಕಾಯಿದೆಯಿಂದ ನಮಗೆ ಸಲ್ಲಬೇಕಾದುದನ್ನು ಕೇಳಿ ಪಡೆಯೋಣ. ನೌಕರರ ರಾಜ್ಯ ವಿಮೆಯು ನಾಗಪುರಕ್ಕೆ ಬಂದುದು 1954ರಲ್ಲಿ. ಅದರ ವ್ಯಾಪ್ತಿಗೆ ಸೇರಿದ ಹೋಟೆಲಿನಲ್ಲಿ 21,000 ರೂಪಾಯಿಯವರೆಗೆ ಸಂಬಳವುಳ್ಳವರೆಲ್ಲರೂ ವಿಮೆಗೆ ಅರ್ಹರು. 12,000 ರೂಪಾಯಿ ಸಂಬಳದವನ ಪಾಲು ತಿಂಗಳಿಗೆ 90 ರೂಪಾಯಿ, ಧಣಿಯ ಪಾಲು 390. ಇದಕ್ಕೆ ಪ್ರತಿಯಾಗಿ ಮನೆಮಂದಿಗೂ ಚಿಕಿತ್ಸೆ ಉಂಟು. ನಿಯಮದಂತೆ ವಂತಿಗೆ ತುಂಬಿದ ಕೆಲಸಗಾರನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70 ಪಾಲು ಸಿಗುತ್ತದೆ. ಕ್ಷಯ, ಕ್ಯಾನ್ಸರಿನಂತಹ ದೀರ್ಘರೋಗಗಳಿಗೆ, ಸಾಕಷ್ಟು ಕಾಲ ವಿಮೆಯಲ್ಲಿದ್ದವರಿಗೆ, ಎರಡು ವರ್ಷಗಳವರೆಗೆ ನೂರಕ್ಕೆ 80 ದೊರೆಯುವುದುಂಟು. ಹೆಸರು ದಾಖಲಾಗಿದೆಯೇ ಎಂದು ಕೇಳಲು ಸಂಕೋಚವೇಕೆ?

ವಿಮೆ ಇಲ್ಲದವರಿಗೂ ದಾರಿಯಿದೆ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯಿದೆಯ 41-ಎಎ ಕಲಮಿನ ಮೇರೆಗೆ, ದೊಡ್ಡ ಧರ್ಮಾರ್ಥ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿಯೂ, ಇನ್ನೂ 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಮೀಸಲಿಡತಕ್ಕದ್ದು. ಬಿಲ್ಲು ಬಂದ ಮೇಲೆ ಅಲ್ಲ, ರೋಗಿಯನ್ನು ಸೇರಿಸುವಾಗಲೇ ಇದನ್ನು ವಿಚಾರಿಸಬೇಕು. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಆದರೆ ಅದಕ್ಕೆ ಇಲ್ಲಿಯ ರೇಷನ್ ಕಾರ್ಡು ಇಲ್ಲವೆ ನಿವಾಸದ ದಾಖಲೆ ಬೇಕು. ಕಾರ್ಡನ್ನು ಊರಿನ ಮನೆಯ ಪೆಟ್ಟಿಗೆಯಲ್ಲಿಟ್ಟು ಬಂದವರು, ಆರೋಗ್ಯವಾಗಿರುವಾಗಲೇ ಈ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳುವುದು ಲೇಸು.

ಇಷ್ಟಾದರೂ ಯಾವ ಕಾಯಿದೆಯೂ ತುಂಬದ ಖರ್ಚುಗಳು ಉಳಿಯುತ್ತವೆ. ಊರಿನಿಂದ ಓಡಿಬಂದ ತಾಯಿಯ ರೈಲುಚಾರ್ಜು, ಅವಳ ವಸತಿ, ಹೊರಗಿನ ಅಂಗಡಿಯ ಔಷಧಿ, ನಿಂತುಹೋದ ಸಂಬಳ. ಮರಾಠಿಯೂ ಹಿಂದಿಯೂ ಬಾರದ ಆ ತಾಯಿಗೆ ವೈದ್ಯರ ಮಾತನ್ನು ತಿಳಿಸಿ ಹೇಳುವವರು ಬೇಕು. ಅದು ನಮ್ಮ ಗುಮಾಸ್ತ ಬಂಧುಗಳಿಂದ ಆಗುವ ಕೆಲಸ. ಹೊತ್ತಿಗೆ ಸರಿಯಾಗಿ ಗಂಜಿ, ಊಟ ಮುಟ್ಟಬೇಕು. ದಿನವೂ ನೂರಾರು ಜನಕ್ಕೆ ಬಡಿಸುವ ನಮ್ಮ ಹೋಟೆಲುಗಳಿಗೆ ಅದು ಭಾರವಾಗದು.

ಉಳಿದುದಕ್ಕೆ ನಿಧಿಯೊಂದು ಬೇಕು. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟು, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಣ್ಣ ಹಣದ ಶಕ್ತಿಯನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 200 ಜನರು ತಿಂಗಳಿಗೆ 50 ರೂಪಾಯಿಯಂತೆ ಕೂಡಿಸಿದರೆ ವರ್ಷಕ್ಕೆ 1,20,000 ರೂಪಾಯಿ. ಧಣಿಗಳು ತಮ್ಮ ಶಕ್ತ್ಯನುಸಾರ ಹೆಚ್ಚು ಕೊಡಲಿ. ಆಸ್ಪತ್ರೆಯ ಹಣವು ಆಸ್ಪತ್ರೆಗೇ ನೇರವಾಗಿ ಸಲ್ಲಲಿ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಲಿ. ರೋಗಿಯ ಹೆಸರನ್ನೂ ರೋಗವನ್ನೂ ಮಾತ್ರ ಓದುವುದು ಬೇಡ.

ತೆನೆ ತೆನೆ ಕೂಡಿದರೆ ಬಳ್ಳವೆಂಬ ಮಾತನ್ನು ಸೇವಾಗ್ರಾಮದ ಸುತ್ತಲಿನ ರೈತರು ಜೋಳದಿಂದಲೇ ಮಾಡಿ ತೋರಿಸಿದರು. ನಮಗೆ ಸುಗ್ಗಿಯು ವರ್ಷಕ್ಕೊಮ್ಮೆಯಲ್ಲ, ತಿಂಗಳಿಗೊಮ್ಮೆ ಬರುತ್ತದೆ. ಮುಂದಿನ ಸಂಬಳದ ದಿನ ಪ್ರತಿ ಹೋಟೆಲಿನಲ್ಲಿ, ಪ್ರತಿ ಕಚೇರಿಯಲ್ಲಿ ಒಬ್ಬರು ಹೊಣೆ ಹೊತ್ತು ಲೆಕ್ಕದ ಪುಸ್ತಕವನ್ನು ತೆರೆಯಲಿ. ಅದರಲ್ಲಿ ಪಾತ್ರೆ ತೊಳೆಯುವ ಹುಡುಗನ ಹೆಸರೂ ಇರಲಿ.