ಶ್ರದ್ಧೆ, ಸಂಶಯ, ಸಮರಸ

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿಯನ್ನು ನೆಲೆಗೊಳಿಸಿದ ಹೊತ್ತಿನಲ್ಲಿಯೇ ಮನಸ್ಸು ಅಂಗಡಿಯ ಲೆಕ್ಕಕ್ಕೋ ಮಗಳ ಮದುವೆಯ ಚಿಂತೆಗೋ ಜಾರುವುದುಂಟು. ಆಗ, ನಮ್ಮಲ್ಲಿ ಭಕ್ತಿಯೇ ಇಲ್ಲವೇನೋ ಎಂಬ ಸಂಶಯ ಮೂಡುತ್ತದೆ. ಈ ಸಂಶಯವನ್ನು ಶರಣರು ಹೇಗೆ ಕಂಡರೆಂಬುದನ್ನು ಸದ್ಭಕ್ತರಾದ ನಾವು ತಿಳಿಯಬೇಕಾಗಿದೆ.

ಷಟ್‌ಸ್ಥಲವು ಭಕ್ತಿಯನ್ನು ಆರು ನೆಲೆಗಳಲ್ಲಿ ಗುರುತಿಸುತ್ತದೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಶ್ರದ್ಧೆಯು ಮೊದಲ ಮೆಟ್ಟಿಲು. ನಂಬಿದವನೂ ಮುಂದೆ ನಡೆಯಬೇಕು. ನಡೆಯುವವನಿಗೆ ಪ್ರಶ್ನೆಗಳು ಎದುರಾಗುವುದು ಸಹಜ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಸಂಕಲಿಸಿದ 'ಶೂನ್ಯಸಂಪಾದನೆ'ಯು ಪ್ರಶ್ನೋತ್ತರಗಳಿಂದಲೇ ಬೆಳೆದ ಗ್ರಂಥ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ನಿಷ್ಠುರವಾಗಿ ಪರೀಕ್ಷಿಸುತ್ತಾರೆ. ಕೆರೆ ಕಟ್ಟೆಗಳ ಕಾರ್ಯದಲ್ಲಿ ಮುಳುಗಿದ್ದ ಸಿದ್ಧರಾಮೇಶ್ವರರ ದೃಷ್ಟಿಯನ್ನು ಒಳಮುಖವಾಗಿ ತಿರುಗಿಸುತ್ತಾರೆ. ಅಲ್ಲಿ ಪ್ರಶ್ನೆಯು ಸಾಧಕನನ್ನು ಮೇಲೆತ್ತುವ ಕೈಯಾಗಿದೆ.

ಹಾಗಾದರೆ ಕೇಡು ಮಾಡುವ ಸಂಶಯ ಯಾವುದು? ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ಇದಕ್ಕೆ ಉತ್ತರ ನೀಡುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಪತಿಯ ಮನಸ್ಸಿನಲ್ಲಿ ಆಸೆ ಹೊಕ್ಕಿತೆಂದು ಅರಿತು, ಹೆಚ್ಚಿನ ಅಕ್ಕಿಯನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಪತಿಯೂ ಆ ಮಾತನ್ನು ಮನ್ನಿಸಿದರು.

ಈ ಪ್ರಸಂಗವನ್ನು ಅಂತರಂಗದ ಕಣ್ಣಿನಿಂದ ಓದಿದಾಗ ನಮಗೆ ತೋರುವುದಿಷ್ಟು: ಇಂದಿನ ಅಗತ್ಯವನ್ನು ಮೀರಿದ ಹಿಡಿ ಅಕ್ಕಿಯು ನಾಳೆಯ ಕುರಿತಾದ ಅಪನಂಬಿಕೆ. ಮಾರಯ್ಯನವರು ಬಾಯಿಂದ ಯಾವ ಸಂಶಯವನ್ನೂ ಆಡಿರಲಿಲ್ಲ. ಉಡಿಯ ಭಾರವೇ ಅದನ್ನು ನುಡಿಯಿತು. ಕೈ ಕಾಯಕದಲ್ಲಿದ್ದರೂ ಮನಸ್ಸು ಲಿಂಗದಿಂದ ಅಗಲಿತ್ತು. ಆ ಅಗಲಿಕೆಯನ್ನು ಕಂಡ ಲಕ್ಕಮ್ಮನವರ ಎಚ್ಚರವೇ ಅವಧಾನ.

ಅಂಗೈಯ ಇಷ್ಟಲಿಂಗ, ಉಸಿರಿನ ಪ್ರಾಣಲಿಂಗ, ಭಾವದ ಭಾವಲಿಂಗ ಬೇರೆಬೇರೆಯಲ್ಲವೆಂದು ಶಾಸ್ತ್ರ ಹೇಳುತ್ತದೆ. ಸ್ಥೂಲ, ಸೂಕ್ಷ್ಮ, ಕಾರಣಗಳೆಂಬ ಮೂರು ತನುಗಳಿಗೂ ಬೆಳಕಾಗುವ ವಸ್ತು ಒಂದೇ. ಕೈ ಮಾಡುವುದನ್ನು ಮನಸ್ಸು ಒಪ್ಪಿ, ಮನಸ್ಸು ಒಪ್ಪಿದ್ದರಲ್ಲಿ ಭಾವ ನೆಲೆಸಿದಾಗ ಸಮರಸದ ದಾರಿ ತೆರೆಯುತ್ತದೆ.

ಆದುದರಿಂದ ಪೂಜೆಯಲ್ಲಿ ಮನಸ್ಸು ಜಾರಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಜಾರಿದ್ದನ್ನು ಅರಿಯುವುದೇ ಮರಳುವ ಮೊದಲ ಹೆಜ್ಜೆ. ಮಕ್ಕಳು ಧರ್ಮದ ಕುರಿತು ಪ್ರಶ್ನೆ ಕೇಳಿದರೆ ಗದರದೆ ಜೊತೆಗೆ ಕುಳಿತು ವಿಚಾರಿಸೋಣ. ಮನೆಗೆ ಬರುವ ಗಳಿಕೆಯಲ್ಲಿ ಕಾಯಕದ್ದೆಷ್ಟು, ಆಸೆಯದ್ದೆಷ್ಟು ಎಂದು ಸತಿಪತಿಗಳು ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ. ಆ ಪ್ರಶ್ನೆಗೆ ಅಂಜದ ಮನೆಯಲ್ಲಿ ಶ್ರದ್ಧೆ ತಾನಾಗಿ ಬೇರೂರುತ್ತದೆ.