ಚಿತ್ರವೇಕೆ ಒಡೆಯುತ್ತದೆ? ಡಿಜಿಟಲ್ ದೂರದರ್ಶನದ ದೋಷಪರೀಕ್ಷೆ

ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಒಂದು ದೃಶ್ಯ ನೆನಪಿರಬಹುದು. ಓಣಿಗೆ ಒಂದೋ ಎರಡೋ ದೂರದರ್ಶನ ಪೆಟ್ಟಿಗೆಗಳಿದ್ದ ಕಾಲದಲ್ಲಿ, ಚಿತ್ರ ಮಂಕಾಯಿತೆಂದರೆ ಮನೆಯ ಹುಡುಗನೊಬ್ಬನು ಮಾಳಿಗೆ ಹತ್ತಿ ಮೀನಿನ ಮುಳ್ಳಿನಂತಿದ್ದ ಆಂಟೆನಾದ ಕೋಲನ್ನು ತಿರುಗಿಸುತ್ತಿದ್ದನು. ‘ಬಂತೇ?’ ಎಂದು ಮೇಲಿನಿಂದ ಕೂಗು. ‘ಇನ್ನೂ ಸ್ವಲ್ಪ ಎಡಕ್ಕೆ’ ಎಂದು ಕೆಳಗಿನಿಂದ ಮರುಕೂಗು. ತೆರೆಯ ಮೇಲೆ ಸುರಿಯುತ್ತಿದ್ದ ಬಿಳಿ ಚುಕ್ಕೆಗಳ ಮಳೆ ಕಡಮೆಯಾದಂತೆ ದಿಕ್ಕು ಸರಿಹೋಯಿತೆಂದು ತಿಳಿಯುತ್ತಿತ್ತು. ಅಂದು ಕಣ್ಣೇ ಅಳತೆಗೋಲಾಗಿತ್ತು.

ಭೂಪ್ರೇಷಕಗಳಿಂದಲೇ ಬರುವ, ಆದರೆ ಡಿಜಿಟಲ್ ರೂಪದಲ್ಲಿ ಬರುವ ಇಂದಿನ ದೂರದರ್ಶನದಲ್ಲಿ ಈ ಅಳತೆಗೋಲು ನಡೆಯದು. ಈ ಒಂದು ಸಂಗತಿಯನ್ನು ಅರಿಯದೆ ಎಷ್ಟೋ ಮನೆಗಳಲ್ಲಿ ಹಣವೂ ಸಮಾಧಾನವೂ ವ್ಯರ್ಥವಾಗುತ್ತಿವೆ. ಭಾಷಾಪಂಡಿತನಾದ ನನಗೆ ಈ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಕೇಳಿ ಕಲಿತದ್ದು ಮಾತ್ರ ಉಂಟು. ಕಲಿಸಿದವನು ನಮ್ಮ ಶಾಲೆಯಲ್ಲಿಯೇ ಓದಿ, ಈಗ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಎಂಜಿನಿಯರನಾಗಿರುವ ನನ್ನ ಶಿಷ್ಯ. 2023ರ ಶರತ್ಕಾಲದಲ್ಲಿ ಆತನ ಮನೆಯಲ್ಲಿ ಕೆಲವು ವಾರ ಇದ್ದೆನು.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಆಂಗ್ಲ ವೃದ್ಧೆಯೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ಪತಿ ತೀರಿಕೊಂಡ ಮೇಲೆ ಸಂಜೆಯ ಹೊತ್ತು ಮನೆಯಲ್ಲಿ ಮನುಷ್ಯರ ದನಿ ಕೇಳುತ್ತಿದ್ದುದು ದೂರದರ್ಶನದಿಂದ ಮಾತ್ರ. ಅದರ ಚಿತ್ರ ಆಗಾಗ ಚೌಕಚೌಕವಾಗಿ ಒಡೆಯತೊಡಗಿತು; ಮಾತು ನಡುವೆ ಕಡಿಯಿತು. ಯಾರದೋ ಸಲಹೆಯಂತೆ ಒಂದು ಬೂಸ್ಟರ್ ತಂದು ಜೋಡಿಸಿದರು, ತೊಂದರೆ ಇಮ್ಮಡಿಯಾಯಿತು. ಮಂಜು ಕವಿದ ಒಂದು ಸಂಜೆ ಚಿತ್ರವೇ ನಿಂತುಹೋದಾಗ ಗಾಬರಿಯಿಂದ ಸ್ವಯಂಚಾಲಿತ ಮರುಶ್ರುತಿಯ ಗುಂಡಿಯನ್ನೊತ್ತಿದರು. ಇದ್ದಬದ್ದ ವಾಹಿನಿಗಳೂ ಕಲಸಿಹೋದವು. ತಮ್ಮ ಸೀಮೆಯ ವಾರ್ತೆಯ ಬದಲು ಪಕ್ಕದ ಸೀಮೆಯ ವಾರ್ತೆ ಬಂದಿತು. ಬಂದು ನೋಡಿದ ಕೆಲಸಗಾರನೊಬ್ಬನು ಛಾವಣಿಯ ಆಂಟೆನಾವನ್ನೇ ಬದಲಿಸಬೇಕೆಂದು ನೂರಾರು ಪೌಂಡುಗಳ ಲೆಕ್ಕ ಹೇಳಿ ಹೋದನು. ಆ ಮೊತ್ತ ಆಕೆಯ ಪಿಂಚಣಿಗೆ ಭಾರವಾಗಿತ್ತು.

ನನ್ನ ಶಿಷ್ಯನು ಉಪಕರಣಗಳನ್ನು ಮುಟ್ಟುವ ಮೊದಲು ನನಗೊಂದು ತತ್ತ್ವವನ್ನು ವಿವರಿಸಿದನು. ‘ಗುರುಗಳೇ, ಹುಳು ತಿಂದ ತಾಳೆಯೋಲೆಯಲ್ಲಿ ಒಂದಕ್ಷರ ಹೋಗಿದ್ದರೆ ಹೇಗೆ ತುಂಬುವಿರಿ?’ ಎಂದು ಕೇಳಿದನು. ಪದ್ಯವಾದರೆ ಪ್ರಾಸವಿದೆ, ಪ್ರತಿ ಪಾದದ ಎರಡನೆಯ ಅಕ್ಷರ ಯಾವ ವ್ಯಂಜನವೆಂದು ಉಳಿದ ಪಾದಗಳು ಹೇಳುತ್ತವೆ. ಮಾತ್ರೆಗಳ ಎಣಿಕೆಯಿದೆ, ಗುರುವೋ ಲಘುವೋ ಎಂಬುದು ಅದರಿಂದ ನಿಶ್ಚಯವಾಗುತ್ತದೆ. ಕಳೆದ ಅಕ್ಷರ ಕಳೆದೇ ಇಲ್ಲವೆಂಬಂತೆ ಪಾಠ ಪೂರ್ಣವಾಗುತ್ತದೆ. ಆದರೆ ಅರ್ಧ ಪಾದವೇ ಹರಿದುಹೋಗಿದ್ದರೆ ಯಾವ ವಿದ್ವಾಂಸನೂ ಏನೂ ಮಾಡಲಾರನು. ‘ಡಿಜಿಟಲ್ ಸಂಕೇತದ ಗುಟ್ಟೂ ಇದೇ’ ಎಂದನು.

ಆ ದೇಶದ ಸಾಧಾರಣ ಡಿಜಿಟಲ್ ಪ್ರಸಾರದಲ್ಲಿ ಪ್ರತಿ 188 ಬೈಟುಗಳ ಸಂದೇಶಕ್ಕೆ 16 ಬೈಟುಗಳ ಕಾವಲನ್ನು ಸೇರಿಸಿ 204 ಮಾಡಿ ಕಳುಹಿಸುತ್ತಾರೆ. ಈ ಕಾವಲಿನ ಬಲದಿಂದ ಒಂದು ಕಟ್ಟಿನಲ್ಲಿ 8 ಬೈಟುಗಳವರೆಗೆ ಕೆಟ್ಟಿದ್ದರೂ ಪೆಟ್ಟಿಗೆಯು ಅವನ್ನು ತಾನೇ ತಿದ್ದಿಕೊಳ್ಳಬಲ್ಲದು; ನೋಡುವವನಿಗೆ ತಪ್ಪಿನ ಸುಳಿವೂ ಸಿಕ್ಕದು. ಒಂಬತ್ತನೆಯದು ಕೆಟ್ಟಿತೆಂದರೆ ಆ ಕಟ್ಟು ಕೈಬಿಟ್ಟಂತೆಯೇ. ಹೆಚ್ಚು ಸ್ಪಷ್ಟತೆಯ ವಾಹಿನಿಗಳಲ್ಲಿ ಕಾವಲಿನ ವಿಧಾನ ಬೇರೆ. ಫಲ ಮಾತ್ರ ಒಂದೇ. ಆದುದರಿಂದ ಹಳೆಯ ಚಿತ್ರದಂತೆ ಇದು ಮೆಲ್ಲಮೆಲ್ಲನೆ ಮಾಸುವುದಿಲ್ಲ. ಅಂಚಿನವರೆಗೂ ನಿರ್ಮಲವಾಗಿದ್ದು, ಅಂಚು ದಾಟಿದೊಡನೆ ಒಡೆದು ಬೀಳುತ್ತದೆ. ಚಿತ್ರ ಚೆನ್ನಾಗಿದೆ ಎಂಬುದರಿಂದ ಸಂಕೇತ ಚೆನ್ನಾಗಿದೆಯೆಂದು ಹೇಳಲಾಗದು; ಪ್ರಪಾತಕ್ಕೆ ಒಂದು ಗೇಣು ದೂರದಲ್ಲಿ ನಿಂತಿದ್ದರೂ ಅದು ಚೆನ್ನಾಗಿಯೇ ಕಾಣುತ್ತದೆ. ಮಳೆಗೆ ನೆನೆದ ಮರದ ಎಲೆಗಳು, ಬಾಗಿದ ಒಂದು ತಂತಿ, ಇಷ್ಟು ಸಾಕು ತಳ್ಳುವುದಕ್ಕೆ.

ಹಾಗಾದರೆ ಅಳೆಯುವುದು ಹೇಗೆ? ಪೆಟ್ಟಿಗೆಯ ಮೆನುವಿನಲ್ಲಿಯೇ ಎರಡು ಅಂಕಿಗಳು ದೊರೆಯುತ್ತವೆ: ಒಂದು ಸಂಕೇತದ ಬಲ, ಇನ್ನೊಂದು ಅದರ ಗುಣ. ಬಲವೆಂದರೆ ದನಿಯ ಎತ್ತರ; ಗುಣವೆಂದರೆ ಉಚ್ಚಾರದ ಶುದ್ಧಿ. ಕಿರುಚಿ ಓದಿದ ಮಾತ್ರಕ್ಕೆ ಅಶುದ್ಧ ಪಾಠ ಶುದ್ಧವಾಗದೆಂಬುದನ್ನು ಅಧ್ಯಾಪಕರಿಗೆ ಹೇಳಬೇಕಿಲ್ಲ. ಬಲ ಹೆಚ್ಚಿದ್ದು ಗುಣ ತಗ್ಗಿದ್ದರೆ ಬೂಸ್ಟರ್ ಮದ್ದಲ್ಲ. ಅನೇಕ ವೇಳೆ ಅದೇ ರೋಗ.

ಪರೀಕ್ಷೆಗೊಂದು ಕ್ರಮವುಂಟು. ಮೊದಲು ಪ್ರಶ್ನೆ, ಆಮೇಲೆ ಕೈ.

ಮೊದಲನೆಯ ಪ್ರಶ್ನೆ: ತೊಂದರೆ ಒಂದು ಮನೆಗೋ, ಬೀದಿಗೆಲ್ಲವೋ? ನೆರೆಮನೆಗಳಲ್ಲಿಯೂ ಚಿತ್ರವಿಲ್ಲದಿದ್ದರೆ ದೋಷ ಪ್ರೇಷಕದ ಕಡೆಯದು, ಕಾಯುವುದೇ ಉಪಾಯ. 2021ರ ಆಗಸ್ಟ್ 10ರಂದು ಉತ್ತರ ಇಂಗ್ಲೆಂಡಿನ ಬಿಲ್ಸ್‌ಡೇಲ್ ಪ್ರೇಷಕಸ್ತಂಭಕ್ಕೆ ಬೆಂಕಿ ಬಿದ್ದು ಲಕ್ಷಾಂತರ ಮನೆಗಳಲ್ಲಿ ಪ್ರಸಾರ ನಿಂತಿತು. ಅಂತಹ ದಿನ ಯಾರು ತಮ್ಮ ಆಂಟೆನಾವನ್ನು ಎಷ್ಟು ತಿರುಗಿಸಿದರೂ ಫಲವೇನು?

ಎರಡನೆಯ ಪ್ರಶ್ನೆ: ಹೋಗಿರುವುದು ಎಲ್ಲ ವಾಹಿನಿಗಳೋ, ಕೆಲವೋ? ಬ್ರಿಟನ್ನಿನಲ್ಲಿ ವಾಹಿನಿಗಳು ಒಂದೊಂದಾಗಿ ಬರುವುದಿಲ್ಲ. ಮುಖ್ಯ ಪ್ರೇಷಕಗಳಿಂದ ಆರು ಗುಚ್ಛಗಳಾಗಿ, ಪ್ರತಿಯೊಂದೂ 8 ಮೆಗಾಹರ್ಟ್ಸ್ ಅಗಲದ ಒಂದು ದಾರಿಯಲ್ಲಿ ಬರುತ್ತವೆ. ಸಣ್ಣ ಮರುಪ್ರಸಾರ ಕೇಂದ್ರಗಳಲ್ಲಿ ಅನೇಕವು ಮೂರೇ ಗುಚ್ಛಗಳನ್ನು ಕೊಡುತ್ತವೆ. ಅಲ್ಲಿ ಉಳಿದವು ಕಾಣದಿರುವುದು ದೋಷವೇ ಅಲ್ಲ. ಒಂದೇ ಗುಚ್ಛ ಕೆಟ್ಟಿದ್ದರೆ ಆ ದಾರಿಗೆ ಮಾತ್ರ ಅಡ್ಡಿಯಿದೆ ಎಂದರ್ಥ. ಎಲ್ಲವೂ ಹೋಗಿದ್ದರೆ ತಂತಿಯೋ, ಪ್ಲಗ್ಗೋ, ಛಾವಣಿಯ ವರ್ಧಕಕ್ಕೆ ವಿದ್ಯುತ್ತು ಕೊಡುವ ಪುಟ್ಟ ಪೆಟ್ಟಿಗೆಯೋ ಸಂಶಯಾರ್ಹ. ಕೋಣೆ ಗುಡಿಸುವಾಗ ಈ ಪುಟ್ಟ ಪೆಟ್ಟಿಗೆಯ ಸ್ವಿಚ್ಚನ್ನು ಯಾರೋ ಆರಿಸಿರುವುದೂ ಉಂಟು.

ಮೂರನೆಯ ಪ್ರಶ್ನೆ: ಯಾವಾಗ? ಮಳೆ ಬಂದಾಗಲೆಲ್ಲ ಕೆಟ್ಟರೆ ಕೇಬಲ್ಲಿನೊಳಗೆ ನೀರು ಇಳಿದಿರಬಹುದು. ವಸಂತದಲ್ಲಿ ಮರ ಚಿಗುರಿದ ಮೇಲೆ ಕೆಟ್ಟರೆ ಎಲೆಗಳು ಕಾರಣವಿರಬಹುದು. ಫ್ರಿಜ್ಜು ಶುರುವಾದ ಕ್ಷಣ ಚಿತ್ರ ಹಾರಿದರೆ ವಿದ್ಯುತ್ ಕಿಡಿಯ ಉಪದ್ರವ. ನಿಶ್ಚಲ ಗಾಳಿಯ ಮಂಜಿನ ಸಂಜೆ ಕೆಟ್ಟರೆ ಕಾರಣ ಆಕಾಶದಲ್ಲಿದೆ: ತಂಪುಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು, ನೇರ ಹೊರಟುಹೋಗಬೇಕಾದ ಅಲೆಗಳನ್ನು ಬಗ್ಗಿಸಿ, ಅದೇ ದಾರಿಯಲ್ಲಿ ಪ್ರಸಾರ ಮಾಡುವ ದೂರದ ಪ್ರೇಷಕದ ಸಂಕೇತವನ್ನು ತಂದು ನಮ್ಮದರ ಮೇಲೆ ಸುರಿಯುತ್ತದೆ. ಇದು ತಾನಾಗಿಯೇ ತೀರುತ್ತದೆ.

ಇಲ್ಲಿಯೇ ಮುಖ್ಯವಾದ ಎಚ್ಚರಿಕೆ. ಚಿತ್ರ ನಿಂತಾಗ ಮರುಶ್ರುತಿ ಮಾಡಲಾಗದು. ಮರುಶ್ರುತಿಯೆಂದರೆ ಪೆಟ್ಟಿಗೆಯು ತನ್ನ ಹಳೆಯ ಪಟ್ಟಿಯನ್ನು ಅಳಿಸಿ, ಆ ಗಳಿಗೆಯಲ್ಲಿ ಏನು ಕೇಳಿಸಿತೋ ಅದನ್ನು ಮಾತ್ರ ಬರೆದುಕೊಳ್ಳುವುದು. ಏನೂ ಕೇಳದಿದ್ದರೆ ಪಟ್ಟಿ ಬರಿದು. ತಪ್ಪು ಪ್ರೇಷಕ ಕೇಳಿಸಿದರೆ ಪಟ್ಟಿ ತಪ್ಪು. ವೃದ್ಧೆಯ ಮನೆಯಲ್ಲಿ ಆದದ್ದು ಇದೇ. ಅವರ ಆಂಟೆನಾ ಸುಮಾರು 30 ಕಿಲೋಮೀಟರ್ ದೂರದ ಸಟನ್ ಕೋಲ್ಡ್‌ಫೀಲ್ಡ್ ಪ್ರೇಷಕಕ್ಕೆ ಮುಖ ಮಾಡಿತ್ತು. ಮಂಜಿನ ಸಂಜೆ ಪೆಟ್ಟಿಗೆಯು ಅದರ ಇಮ್ಮಡಿ ದೂರದ, ಪೂರ್ವ ಮಿಡ್‌ಲ್ಯಾಂಡ್ಸ್ ಸೀಮೆಯ ವಾಲ್ತಮ್ ಪ್ರೇಷಕವನ್ನು ಬರೆದುಕೊಂಡಿತ್ತು.

ಪ್ರಶ್ನೆಗಳು ಮುಗಿದ ಮೇಲೆ ಕೈಕೆಲಸ. ಅದು ಪೆಟ್ಟಿಗೆಯಿಂದ ಛಾವಣಿಯ ಕಡೆಗೆ ಸಾಗಬೇಕೇ ಹೊರತು ಛಾವಣಿಯಿಂದ ಕೆಳಗಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ರತಿ ಬದಲಾವಣೆಗೂ ಎರಡು ಅಂಕಿಗಳನ್ನು ಬರೆದಿಡಬೇಕು. ಎರಡನ್ನು ಒಮ್ಮೆಗೇ ಬದಲಿಸಿದವನಿಗೆ ಗುಣವಾದರೂ ಕಾರಣ ತಿಳಿಯದು.

ಶಿಷ್ಯನು ಮೊದಲು ಬೂಸ್ಟರನ್ನು ಕಳಚಿ ಆಂಟೆನಾದ ತಂತಿಯನ್ನು ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಿದನು. ಬಲದ ಅಂಕಿ ಇಳಿಯಿತು. ಗುಣದ ಅಂಕಿ ಏರಿತು. ಅಲ್ಲಿ ಸಂಕೇತ ಮೊದಲೇ ಸಾಕಷ್ಟಿತ್ತು. ಪೆಟ್ಟಿಗೆಗೆ ಹಿತವಾದ ಬಲ ಸುಮಾರು 45ರಿಂದ 65 ಡೆಸಿಬೆಲ್ ಮೈಕ್ರೋವೋಲ್ಟ್. ಅದನ್ನು ಬಹಳವಾಗಿ ಮೀರಿದರೆ ಟ್ಯೂನರು ಉಸಿರುಗಟ್ಟಿ ತಾನೇ ತಪ್ಪುಗಳನ್ನು ಹುಟ್ಟಿಸುತ್ತದೆ. ಬೂಸ್ಟರಿಗೂ ಸ್ಥಾನವಿಲ್ಲದಿಲ್ಲ. ಒಳ್ಳೆಯ ಕೇಬಲ್ಲಿನ ಪ್ರತಿ 10 ಮೀಟರಿಗೆ ಸುಮಾರು 2 ಡೆಸಿಬೆಲ್, ಒಂದನ್ನು ಎರಡಾಗಿ ಸೀಳುವ ಕವಲಿಗೆ ಸುಮಾರು 4 ಡೆಸಿಬೆಲ್ ನಷ್ಟವಾಗುತ್ತದೆ. ಆ ನಷ್ಟಕ್ಕೆ ಮುಂಚೆಯೇ, ಆಂಟೆನಾದ ಬಳಿ ಅದನ್ನಿಡಬೇಕು. ಪೆಟ್ಟಿಗೆಯ ಬೆನ್ನಿಗಿಟ್ಟರೆ ಸಂಕೇತದೊಡನೆ ಕಶ್ಮಲವೂ ಅಷ್ಟೇ ಬೆಳೆಯುತ್ತದೆ. ಇನ್ನೊಂದು ಮಾತು: 2020ರಿಂದ ಆ ದೇಶದ ದೂರದರ್ಶನ 470ರಿಂದ 694 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಸೀಮಿತವಾಗಿ, ಅದರ ಮೇಲಿನದು ಮೊಬೈಲ್ ಫೋನುಗಳ ಪಾಲಾಗಿದೆ. ಹಳೆಯ ಬೂಸ್ಟರುಗಳು ಎರಡನ್ನೂ ಭೇದವಿಲ್ಲದೆ ಹಿಗ್ಗಿಸುತ್ತವೆ. ಸಮೀಪದಲ್ಲಿ ಮೊಬೈಲ್ ಸ್ತಂಭವಿದ್ದರೆ ಒಂದು ಫಿಲ್ಟರ್ ಬೇಕು, ಅದೂ ಬೂಸ್ಟರಿಗಿಂತ ಮೊದಲು.

ಆದರೆ ಬೂಸ್ಟರ್ ಬರುವ ಮುನ್ನವೂ ಚಿತ್ರ ಒಡೆಯುತ್ತಿತ್ತಲ್ಲವೇ? ಮೂಲದೋಷ ಇನ್ನೂ ಉಳಿದಿತ್ತು. ಗೋಡೆಯಿಂದ ಪೆಟ್ಟಿಗೆಗೆ ಬರುವ ಒಂದೂವರೆ ಮೀಟರಿನ ತಂತಿಯನ್ನು ಅಲುಗಿಸಿದಾಗ ಗುಣದ ಅಂಕಿ ಕುಣಿಯಿತು. ಭಾರವಾದ ಕಪಾಟಿನ ಹಿಂದೆ ಸಿಕ್ಕಿ, ಪ್ಲಗ್ಗಿನ ಬಳಿ ಅದರ ಹೊರಹೆಣಿಗೆ ಕಡಿದುಹೋಗಿತ್ತು. ಆ ಹೆಣಿಗೆ ಅಲಂಕಾರಕ್ಕಲ್ಲ. ಒಳತಂತಿಯನ್ನು ಹೊರಗಿನ ಗದ್ದಲದಿಂದ ಕಾಯುವ ಕೋಟೆ ಅದು. ಕೆಲವೇ ಪೌಂಡುಗಳ ಹೊಸ ತಂತಿ ಹಾಕಿದೊಡನೆ ಅಂಕಿ ಸ್ಥಿರವಾಯಿತು. ಆಮೇಲೆ, ಆಕಾಶ ತಿಳಿಯಾದ ದಿನ, ತಮ್ಮ ಪ್ರೇಷಕದ ಆರು ದಾರಿಗಳ ಸಂಖ್ಯೆಗಳನ್ನು ಕೈಯಾರೆ ಕೊಟ್ಟು ಶ್ರುತಿಮಾಡಿದನು. ಛಾವಣಿಯನ್ನು ಯಾರೂ ಹತ್ತಲಿಲ್ಲ. ಹತ್ತಲೇಬೇಕಾದಾಗ ಅದು ಪಳಗಿದವರ ಕೆಲಸ; ಜಾರುವ ಹೆಂಚಿನ ಮೇಲೆ ಸಾಹಸ ಸಲ್ಲದು.

ನಮ್ಮ ದೂರದರ್ಶನವೂ 2016ರಲ್ಲಿ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ಡಿಜಿಟಲ್ ಭೂಪ್ರಸಾರವನ್ನು ಆರಂಭಿಸಿತು. ಆದರೂ ನಮ್ಮ ಮನೆಗಳಿಗೆ ಹೆಚ್ಚಾಗಿ ಚಿತ್ರ ಬರುವುದು ಕೇಬಲ್ಲಿನಿಂದ ಇಲ್ಲವೆ ಉಪಗ್ರಹದ ತಟ್ಟೆಯಿಂದ. ಅಲ್ಲಿ ದಾರಿ ಬೇರೆಯಾದರೂ ಸಂಕೇತ ಡಿಜಿಟಲ್ಲೇ. ಅಂಚಿನವರೆಗೆ ನಿರ್ಮಲ, ಅಂಚು ದಾಟಿದರೆ ಶೂನ್ಯ ಎಂಬ ನಿಯಮವೂ ಅದೇ. ದೇಶಾಂತರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗಂತೂ ಮೇಲಿನ ಕ್ರಮ ನೇರವಾಗಿಯೇ ಉಪಯೋಗಕ್ಕೆ ಬಂದೀತು.

ಹೊರಡುವ ಹಿಂದಿನ ದಿನ ಆ ತಾಯಿಯನ್ನು ಕಾಣಲು ಹೋದೆನು. ಪೆಟ್ಟಿಗೆಯ ಹಿಂಬದಿಗೆ ಶಿಷ್ಯನು ಒಂದು ಚೀಟಿ ಅಂಟಿಸಿದ್ದನು. ಅದರಲ್ಲಿ ಪ್ರೇಷಕದ ಹೆಸರು, ಆರು ಸಂಖ್ಯೆಗಳು, ಸರಿಯಿದ್ದ ದಿನದ ಬಲ ಮತ್ತು ಗುಣಗಳ ಅಂಕಿಗಳು, ಕೆಳಗೆ ದಪ್ಪಕ್ಷರದಲ್ಲಿ ಒಂದು ವಾಕ್ಯ: ಚಿತ್ರ ನಿಂತರೆ ಗುಂಡಿ ಒತ್ತಬೇಡಿ, ಮೊದಲು ನಮ್ಮ ಮನೆಯ ಬಾಗಿಲು ತಟ್ಟಿ. ಆಕೆ ನನಗೆ ಚಹಾ ಕೊಟ್ಟರು. ತಮ್ಮ ಸೀಮೆಯ ವಾರ್ತೆ ಬರುತ್ತಿತ್ತು.