ಕರಗದ ಅರಗು

ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಶಾಖಕ್ಕೆ ಕರಗುವುದು, ಬೆಂಕಿ ತಗುಲಿದರೆ ಉರಿಯುವುದು ಅರಗಿನ ಸ್ವಭಾವ. ಮುತ್ತುಗ, ಬೋರೆ ಮೊದಲಾದ ಮರಗಳ ರಸವನ್ನು ಹೀರಿ ಬದುಕುವ ಪುಟ್ಟ ಕೀಟವೊಂದು ಸ್ರವಿಸುವ ರಾಳವಿದು. 20ನೆಯ ಶತಮಾನದ ಆರಂಭದಲ್ಲಿ ವಿದ್ಯುತ್ತಿನ ಬಳಕೆ ಹರಡತೊಡಗಿದಾಗ ವಿದ್ಯುನ್ನಿರೋಧಕವಾದ ಅರಗಿಗೆ ಬೇಡಿಕೆ ಏರಿತು. ಅದರ ಬಹುಭಾಗ ಭಾರತದಿಂದಲೇ ಹೋಗಬೇಕಾಗಿತ್ತು. ಆದರೆ ಕೀಟಗಳು ಕಾರ್ಖಾನೆಗಳ ಅವಸರವನ್ನು ಅರಿಯವು.

ಈ ಕೊರತೆಯನ್ನು ನೀಗಲು ಹೊರಟವರಲ್ಲಿ ಲಿಯೊ ಬೇಕ್‌ಲೆಂಡ್ ಒಬ್ಬ. 1863ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಹುಟ್ಟಿ, 1889ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ರಸಾಯನವಿಜ್ಞಾನಿ. ಫೀನಾಲ್ ಮತ್ತು ಆಲ್ಡಿಹೈಡುಗಳು ಬೆರೆತರೆ ರಾಳದಂತಹ ಮುದ್ದೆಯಾಗುವುದನ್ನು ಜರ್ಮನಿಯ ಬೇಯರ್ 1872ರಲ್ಲಿಯೇ ಕಂಡಿದ್ದ. ಪಾತ್ರೆಗೆ ಅಂಟಿ ಬಿಡದ ಅದು ನಿರುಪಯುಕ್ತವೆನಿಸಿತ್ತು. ಬೇಕ್‌ಲೆಂಡ್ ಆ ಮೊಂಡುತನವನ್ನೇ ಗುಣವೆಂದು ಬಗೆದ. ಮಿಶ್ರಣವನ್ನು ಕಾಯಿಸಿದಾಗ ಗುಳ್ಳೆಗಳೆದ್ದು ನೊರೆಯಾಗುತ್ತಿತ್ತು. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಹೇರಿ ಆ ಗುಳ್ಳೆಗಳನ್ನು ಅಡಗಿಸಿದ. 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1909ರಲ್ಲಿ ತನ್ನ ಶೋಧವನ್ನು ಲೋಕಕ್ಕೆ ತಿಳಿಸಿದ. ಅದೇ ಬೇಕಲೈಟ್, ಸಂಪೂರ್ಣವಾಗಿ ಮಾನವನಿರ್ಮಿತವಾದ ಮೊದಲ ಪ್ಲಾಸ್ಟಿಕ್.

ಇದರ ರಹಸ್ಯವೇನು? ಫಾರ್ಮಾಲ್ಡಿಹೈಡ್ ಇಲ್ಲಿ ಸೇತುವೆಯಂತೆ ಕೆಲಸಮಾಡಿ ಫೀನಾಲಿನ ಅಣುಗಳನ್ನು ಎಲ್ಲ ದಿಕ್ಕುಗಳಲ್ಲಿಯೂ ಬೆಸೆಯುತ್ತದೆ. ಅರೆಬೆಸೆದ ರಾಳ ಅಚ್ಚಿನಲ್ಲಿ ಮೊದಲು ಮೆದುವಾಗಿ ಹರಿಯುತ್ತದೆ. ಶಾಖ ಮುಂದುವರಿದಂತೆ ಬೆಸುಗೆ ಪೂರ್ಣಗೊಂಡು ಒಂದೇ ಬಲೆಯಾಗಿ ಗಟ್ಟಿಯಾಗುತ್ತದೆ. ಆವಿಗೆಯಲ್ಲಿ ಬೆಂದ ಮಡಕೆ ಮತ್ತೆ ಹಸಿಮಣ್ಣಾಗದು. ಹಾಗೆಯೇ ಈ ಬಲೆಯೂ ಮತ್ತೆ ಕರಗದು. ಬರಿಯ ರಾಳ ಬಿರುಸಾದುದರಿಂದ ಮರದ ಪುಡಿಯನ್ನು ಬೆರೆಸಿ ಅದಕ್ಕೆ ಕಸುವು ತುಂಬುತ್ತಾರೆ.

ದೀಪದ ಸ್ವಿಚ್ಚು, ಬಲ್ಬಿನ ಹೋಲ್ಡರು, ಹಳೆಯ ಕಪ್ಪು ಟೆಲಿಫೋನು, ಕುಕ್ಕರಿನ ಹಿಡಿ ಎಲ್ಲವೂ ಬೇಕಲೈಟಿಗೆ ಋಣಿಗಳು. ನಮ್ಮ ಹಿರಿಯರು ಕಿವಿಗೊಟ್ಟು ಕೇಳಿದ ಎಷ್ಟೋ ರೇಡಿಯೋಗಳ ಹೊರಕವಚವೂ ಅದೇ. ನೀರಿಗೆ ಬಿಡದ ಪ್ಲೈವುಡ್ಡಿನ ಅಂಟಿನಲ್ಲಿಯೂ ಇದೇ ಜಾತಿಯ ರಾಳವಿದೆ.

ಹಾಗೆಂದು ಅರಗಿನ ಕಾಲ ಮುಗಿಯಲಿಲ್ಲ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರದ ಬೊಂಬೆಗೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ, ಘರ್ಷಣೆಯ ಬಿಸಿಗೆ ಅದು ಕರಗಿ ಹೊಳಪಾಗಿ ಹಬ್ಬುತ್ತದೆ. ಅಲ್ಲಿ ಕರಗುವುದೇ ಗುಣ. ಬೇಕಲೈಟಿನ ಹಿಡಿ ಮುರಿದರೆ ಅದನ್ನು ಕರಗಿಸಿ ಮತ್ತೊಂದು ಹಿಡಿ ಎರೆಯಲಾಗದು. ಪುಡಿಮಾಡಿ ಬೇರೆ ವಸ್ತುವಿಗೆ ಬೆರೆಸಬಹುದು, ಇಲ್ಲವೇ ತಿಪ್ಪೆಗೆ ಎಸೆಯಬೇಕು. ಬಾಳಿಕೆ ಬೇಕಾದೆಡೆ ಅದು ವರವೇ ಸರಿ. ಆದರೆ ಕರಗದ ವಸ್ತುವನ್ನು ಪಡೆದವರು, ಬಳಕೆ ಮುಗಿದ ಮೇಲೆ ಅದರ ಗತಿಯೇನೆಂಬುದನ್ನು ಮೊದಲೇ ಯೋಚಿಸಬೇಕಾಗುತ್ತದೆ.